ಸೇವಾಸಂಸ್ಥೆಗೊಂದು ಸರಳ ಜಾಲತಾಣ: ವೆಚ್ಚ ಅಲ್ಪ, ಒಡೆತನ ಸಂಸ್ಥೆಯದೇ ಇರಲಿ

ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಪರಿಸರದ ವರ್ತಕರಲ್ಲಿ ಯಾವುದಾದರೊಂದು ಸೇವಾಸಂಸ್ಥೆಯ ಹೊಣೆ ಹೊರದವರು ವಿರಳ. ಹಗಲು ಅಂಗಡಿಯ ಗಲ್ಲಾದಲ್ಲಿ ಕುಳಿತವರು ಸಂಜೆಯ ಹೊತ್ತಿಗೆ ಭಜನಾ ಮಂಡಳಿಯ ಅಧ್ಯಕ್ಷರು, ಜೀರ್ಣೋದ್ಧಾರ ಸಮಿತಿಯ ಕೋಶಾಧಿಕಾರಿ ಅಥವಾ ತಾವು ಕಲಿತ ಶಾಲೆಯ ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಇಂತಹ ಸಂಸ್ಥೆಗಳ ಸಭೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ತಪ್ಪದೆ ಕೇಳಿಬರುವ ಸಲಹೆಯೊಂದಿದೆ: "ನಮಗೂ ಒಂದು ಜಾಲತಾಣ ಬೇಕು." ಮುಂಬಯಿಯಲ್ಲಿರುವ ಸದಸ್ಯರು ಕೇಳುತ್ತಾರೆ, ಕೊಲ್ಲಿ ರಾಷ್ಟ್ರಗಳಲ್ಲಿರುವ ದಾನಿಗಳು ಕೇಳುತ್ತಾರೆ. ಸಭೆ ಒಪ್ಪುತ್ತದೆ. ಆಮೇಲೆ ಆ ಕೆಲಸ ಯಾರಾದರೊಬ್ಬ ಉತ್ಸಾಹಿ ತರುಣನ ಪಾಲಿಗೆ ಬರುತ್ತದೆ.

ಲೇಖಕನಿಗೆ ಹತ್ತಿರದಿಂದ ತಿಳಿದಿರುವ ಸಂಘವೊಂದರಲ್ಲಿ ನಡೆದದ್ದೂ ಹೀಗೆಯೇ. ತರುಣ ಸದಸ್ಯರೊಬ್ಬರು ತಮ್ಮ ಸ್ವಂತ ಇ-ಮೇಲ್ ವಿಳಾಸ ಬಳಸಿ, ಸ್ವಂತ ಕಾರ್ಡಿನಿಂದ ಹಣ ಪಾವತಿಸಿ, ನಾಲ್ಕೇ ದಿನಗಳಲ್ಲಿ ಅಂದವಾದ ತಾಣ ಸಿದ್ಧಪಡಿಸಿದರು. ರಶೀದಿ ಪುಸ್ತಕ, ಆಮಂತ್ರಣ ಪತ್ರಿಕೆ ಎಲ್ಲದರಲ್ಲಿಯೂ ಆ ವಿಳಾಸವನ್ನು ಮುದ್ರಿಸಲಾಯಿತು. ಎರಡು ವರ್ಷಗಳ ಬಳಿಕ ಅವರು ಉದ್ಯೋಗ ನಿಮಿತ್ತ ಹೊರದೇಶಕ್ಕೆ ತೆರಳಿದರು. ನವೀಕರಣದ ಸೂಚನೆಗಳು ಅವರು ತೆರೆಯದ ಹಳೆಯ ಇ-ಮೇಲ್ ಪೆಟ್ಟಿಗೆಯಲ್ಲಿ ಬಿದ್ದವು. ಹೆಸರಿನ ಅವಧಿ ಮುಗಿದು, ಅದನ್ನು ಬೇರೆ ಯಾರೋ ಕೊಂಡರು. ವಾರ್ಷಿಕೋತ್ಸವದ ಆಮಂತ್ರಣದಲ್ಲಿದ್ದ ವಿಳಾಸವನ್ನು ಹಿರಿಯ ದಾನಿಯೊಬ್ಬರು ತೆರೆದಾಗ ಕಂಡದ್ದು ಜೂಜಿನ ಜಾಹೀರಾತು. ಮೋಸ ಮಾಡಿದವರು ಯಾರೂ ಇರಲಿಲ್ಲ; ಸಂಘದ ಆಸ್ತಿ ಸಂಘದ ಹೆಸರಿನಲ್ಲಿರಲಿಲ್ಲ, ಅಷ್ಟೇ.

ಅಲ್ಪ ವೆಚ್ಚದ ಸರಳ ಜಾಲತಾಣವನ್ನು ರೂಪಿಸುವುದು ಇಂದು ಕಷ್ಟದ ಕೆಲಸವಲ್ಲ. ಅದನ್ನು ಸಂಸ್ಥೆಯ ಕೈಯಲ್ಲಿ ಉಳಿಸಿಕೊಳ್ಳುವುದೇ ಮುಖ್ಯ. ಈ ಎರಡನ್ನೂ ಹೊಸಬರಿಗೆ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಜಾಲತಾಣದ ಮೂರು ಅಂಗಗಳು

ಜಾಲತಾಣವನ್ನು ಒಂದು ಅಂಗಡಿಗೆ ಹೋಲಿಸಬಹುದು. ಮೊದಲನೆಯದು ಹೆಸರು, ಅಂದರೆ ಡೊಮೇನ್. ಇದು ಅಂಗಡಿಯ ನಾಮಫಲಕವಿದ್ದಂತೆ. ಹೆಸರನ್ನು ಶಾಶ್ವತವಾಗಿ ಕೊಳ್ಳಲು ಬರುವುದಿಲ್ಲ. ವ್ಯಾಪಾರ ಪರವಾನಿಗೆಯಂತೆ ಕಾಲಕಾಲಕ್ಕೆ ನವೀಕರಿಸಬೇಕು. ಒಮ್ಮೆಗೆ ಗರಿಷ್ಠ 10 ವರ್ಷಗಳವರೆಗೆ ನೋಂದಾಯಿಸಬಹುದು. ಎರಡನೆಯದು ಸ್ಥಳ, ಅಂದರೆ ಹೋಸ್ಟಿಂಗ್. ಇದು ಬಾಡಿಗೆ ಕೋಣೆ. ತಾಣದ ಪುಟಗಳು ಸದಾ ಚಾಲನೆಯಲ್ಲಿರುವ ಗಣಕಯಂತ್ರವೊಂದರಲ್ಲಿ ಇರಬೇಕಷ್ಟೆ. ಮೂರನೆಯದು ಪುಟಗಳು, ಅಂದರೆ ಅಂಗಡಿಯೊಳಗಿನ ಸರಕು.

ಈ ಮೂರನ್ನೂ ಒಬ್ಬರಿಂದಲೇ ಪಡೆಯಬಹುದು, ಬೇರೆ ಬೇರೆಯವರಿಂದಲೂ ಪಡೆಯಬಹುದು. ಬಾಡಿಗೆ ಕೋಣೆ ಬದಲಾದರೂ ಅಂಗಡಿಯ ಹೆಸರು ಉಳಿದರೆ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. ಆದುದರಿಂದ ಮೂರರಲ್ಲಿ ಅತ್ಯಂತ ಅಮೂಲ್ಯವಾದುದು ಹೆಸರು. ಕೇವಲ ಫೇಸ್‌ಬುಕ್ ಪುಟವನ್ನೋ ವಾಟ್ಸಾಪ್ ಗುಂಪನ್ನೋ ನೆಚ್ಚಿಕೊಂಡವರು ಇನ್ನೊಬ್ಬರ ಜಗಲಿಯಲ್ಲಿ ಸರಕು ಹರಡಿದವರಂತೆ. ಜಿಯೋಸಿಟೀಸ್ ಎಂಬ ಉಚಿತ ಸೇವೆಯನ್ನು ಅವಲಂಬಿಸಿದ್ದ ಅಸಂಖ್ಯ ಪುಟಗಳು, ಆ ಸೇವೆಯನ್ನು ಯಾಹೂ 2009ರಲ್ಲಿ ಮುಚ್ಚಿದಾಗ ವಿಳಾಸವನ್ನೇ ಕಳೆದುಕೊಂಡವು.

ಹೆಸರಿನ ಆಯ್ಕೆ

ನಮ್ಮ ಊರಿನ ಸಂಸ್ಥೆಗಳಿಗೆ ಇಲ್ಲಿ ವಿಶೇಷವಾದ ತೊಡಕೊಂದಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಊರಿನ ಹೆಸರನ್ನು ಮೂಡ್‌ಬಿದ್ರಿ, ಮೂಡಬಿದ್ರಿ, ಮೂಡಬಿದ್ರೆ, ಮೂಡುಬಿದಿರೆ ಎಂದು ನಾಲ್ಕಾರು ಬಗೆಯಲ್ಲಿ ಬರೆಯುವ ರೂಢಿಯಿದೆ. ತುಳುವಿನಲ್ಲಿ ಊರು ಬೆದ್ರ. ಊರಿನ ಹೆಸರನ್ನು ಸೇರಿಸಿ ಉದ್ದವಾದ ವಿಳಾಸವನ್ನಿಟ್ಟರೆ, ಫೋನಿನಲ್ಲಿ ಕೇಳಿದವರು ತಮಗೆ ತೋಚಿದಂತೆ ಬರೆದು ದಾರಿ ತಪ್ಪುತ್ತಾರೆ. ಆದುದರಿಂದ ಸಂಸ್ಥೆಯ ಹೆಸರಿನ ಒಂದೆರಡು ಪದಗಳಿಂದ, ಕೇಳಿದ ಕೂಡಲೇ ಬರೆಯಬಹುದಾದ ಚಿಕ್ಕ ವಿಳಾಸವನ್ನು ಆರಿಸುವುದು ಲೇಸು. ಊರಿನ ಹೆಸರು ಅನಿವಾರ್ಯವಾದರೆ ಎರಡು ಬಗೆಯ ಬರಹಗಳನ್ನೂ ನೋಂದಾಯಿಸಿ, ಒಂದನ್ನು ತೆರೆದರೆ ಇನ್ನೊಂದಕ್ಕೆ ಹೋಗುವಂತೆ ಮಾಡಬಹುದು. ತಾಣದ ಸಂಪರ್ಕ ಪುಟದಲ್ಲಿ ಊರಿನ ಹೆಸರನ್ನು ರೂಢಿಯಲ್ಲಿರುವ ಎಲ್ಲ ಬಗೆಗಳಲ್ಲಿಯೂ ಒಮ್ಮೊಮ್ಮೆ ಬರೆದಿಟ್ಟರೆ, ಯಾವ ಬರಹದಿಂದ ಹುಡುಕಿದವರಿಗೂ ಸಂಸ್ಥೆ ಸಿಗುವ ಸಂಭವ ಹೆಚ್ಚು.

ಹೆಸರಿನ ಕೊನೆಯ ಭಾಗಕ್ಕೆ ಡಾಟ್ ಆರ್ಗ್, ಡಾಟ್ ಇನ್, ಡಾಟ್ ಆರ್ಗ್ ಡಾಟ್ ಇನ್ ಇವುಗಳಲ್ಲಿ ಯಾವುದಾದರೂ ಒಪ್ಪುತ್ತದೆ. ಡಾಟ್ ಇನ್ ಹೆಸರುಗಳ ಮೇಲ್ವಿಚಾರಣೆ ನಡೆಸುವುದು 2003ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಅಂತರ್ಜಾಲ ವಿನಿಮಯ ಕೇಂದ್ರ, ಅಂದರೆ ನಿಕ್ಸಿ. ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ಎಂದು ಕೊನೆಯಾಗುವ ಹೆಸರುಗಳೂ ದೊರೆಯುತ್ತವೆ. ಅಭಿಮಾನಕ್ಕಾಗಿ ಅದನ್ನು ಎರಡನೆಯ ಹೆಸರಾಗಿ ಇಟ್ಟುಕೊಳ್ಳಬಹುದು. ಒಂದು ಮಾತು ನೆನಪಿರಲಿ: ಡಾಟ್ ಆರ್ಗ್ ಹೆಸರನ್ನು ಯಾರು ಬೇಕಾದರೂ ಪಡೆಯಬಹುದಾದ್ದರಿಂದ, ಅದು ಸೇವಾಸಂಸ್ಥೆ ಎಂಬುದಕ್ಕೆ ಪ್ರಮಾಣಪತ್ರವಲ್ಲ.

ನೋಂದಾಯಿಸುವಾಗ ಅನುಸರಿಸಬೇಕಾದ ನಿಯಮಗಳು

1. ನೋಂದಣಿದಾರರ ಸ್ಥಾನದಲ್ಲಿ ಸಂಸ್ಥೆಯ ಹೆಸರೇ ಇರಬೇಕು. ವ್ಯಕ್ತಿಯ ಹೆಸರಾಗಲಿ, ತಾಣ ರೂಪಿಸಿಕೊಡುವವರ ಹೆಸರಾಗಲಿ ಸಲ್ಲದು.

2. ಸಂಪರ್ಕಕ್ಕಾಗಿ ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕ ಇ-ಮೇಲ್ ಖಾತೆ ತೆರೆಯಬೇಕು. ಈ ಖಾತೆ ನೋಂದಾಯಿಸುತ್ತಿರುವ ಡೊಮೇನಿನದೇ ಆಗಿರಕೂಡದು. ಹೆಸರಿನ ಅವಧಿ ಮುಗಿದರೆ ಅದರ ಇ-ಮೇಲ್ ಕೂಡ ನಿಂತುಹೋಗುತ್ತದೆ. ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡಂತಾಗುತ್ತದೆ.

3. ಹಣ ಸಂಸ್ಥೆಯ ಬ್ಯಾಂಕ್ ಖಾತೆಯಿಂದಲೇ ಪಾವತಿಯಾಗಲಿ. ಬಿಲ್ಲು ಸಂಸ್ಥೆಯ ಹೆಸರಿನಲ್ಲಿರಲಿ. ಮುಂದೆ ವಿವಾದ ಬಂದರೆ ಒಡೆತನಕ್ಕೆ ಇದೇ ಸಾಕ್ಷಿ.

4. ಕನಿಷ್ಠ 3 ವರ್ಷಗಳಿಗೆ ಒಮ್ಮೆಲೇ ನೋಂದಾಯಿಸಿ, ಸ್ವಯಂ ನವೀಕರಣದ ಸೌಲಭ್ಯವಿದ್ದರೆ ಬಳಸಿಕೊಳ್ಳಿ. ಆದರೂ ಮುಕ್ತಾಯದ ದಿನಾಂಕವನ್ನು ಲೆಕ್ಕಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಡಾಟ್ ಆರ್ಗ್‌ನಂತಹ ಹೆಸರಿನ ಅವಧಿ ತಪ್ಪಿದರೆ ಸಾಮಾನ್ಯವಾಗಿ ಕೆಲವು ದಿನಗಳ ಬಿಡುವು, ಆ ಬಳಿಕ 30 ದಿನಗಳ ಕಾಲ ದುಬಾರಿ ಶುಲ್ಕ ತೆತ್ತು ಮರಳಿ ಪಡೆಯುವ ಅವಕಾಶ, ಅನಂತರ 5 ದಿನಗಳ ಕಾಯುವಿಕೆ, ಕೊನೆಗೆ ಹೆಸರು ಯಾರಿಗೆ ಬೇಕಾದರೂ ಮುಕ್ತ. ಇಷ್ಟೊಂದು ಅವಕಾಶವಿದ್ದರೂ ಹೆಸರು ಕೈತಪ್ಪುವುದು ಸೂಚನೆಗಳನ್ನು ಓದುವವರಿಲ್ಲದ ಕಾರಣಕ್ಕೆ. ಹಾಗೆಯೇ, ಅಪರಿಚಿತ ಕಂಪೆನಿಗಳ ಹೆಸರಿನಲ್ಲಿ "ಕೂಡಲೇ ನವೀಕರಿಸಿ" ಎಂದು ಬರುವ ಬಿಲ್ಲುಗಳಿಗೆ ಹಣ ಕಳುಹಿಸಬಾರದು. ನೋಂದಾಯಿಸಿದ ಸಂಸ್ಥೆಯ ತಾಣವನ್ನು ನಾವೇ ತೆರೆದು ಪರಿಶೀಲಿಸಬೇಕು.

ಪುಟಗಳನ್ನು ರೂಪಿಸುವ ಬಗೆ

ಹೊಸಬರಿಗೆ ಎರಡು ದಾರಿಗಳು ಸೂಕ್ತ. ಮೊದಲನೆಯದು ಗೂಗಲ್ ಸೈಟ್ಸ್‌ನಂತಹ ಉಚಿತ ಸೌಲಭ್ಯ. ಪತ್ರ ಟೈಪು ಮಾಡಬಲ್ಲ ಯಾರೇ ಆದರೂ ಇದರಲ್ಲಿ ಐದಾರು ಪುಟಗಳನ್ನು ಜೋಡಿಸಬಹುದು. ಸ್ಥಳಕ್ಕೆ ಬಾಡಿಗೆಯಿಲ್ಲ, ಸುರಕ್ಷತೆಯ ಚಿಂತೆ ಕಡಿಮೆ, ನಮ್ಮದೇ ಡೊಮೇನ್ ಹೆಸರನ್ನೂ ಜೋಡಿಸಿಕೊಳ್ಳಬಹುದು. ಅಲಂಕಾರಕ್ಕೆ ಅವಕಾಶ ಕಡಿಮೆ, ಆದರೆ ಸಣ್ಣ ಸಂಸ್ಥೆಗೆ ಅದು ಕೊರತೆಯೇನಲ್ಲ.

ಎರಡನೆಯದು ವರ್ಡ್‌ಪ್ರೆಸ್. 2003ರಲ್ಲಿ ಬಿಡುಗಡೆಯಾದ ಈ ತಂತ್ರಾಂಶ ಮುಕ್ತ ಮತ್ತು ಉಚಿತ. ಸುದ್ದಿ, ವರದಿಗಳನ್ನು ಆಗಾಗ ಸೇರಿಸುವವರಿಗೆ ಅನುಕೂಲ. ಆದರೆ ಸ್ಥಳವನ್ನು ಬಾಡಿಗೆಗೆ ಪಡೆಯಬೇಕು, ತಂತ್ರಾಂಶವನ್ನೂ ಅದರ ಪ್ಲಗಿನ್‌ಗಳನ್ನೂ ತಪ್ಪದೆ ನವೀಕರಿಸುತ್ತಿರಬೇಕು. ನವೀಕರಿಸದ ವರ್ಡ್‌ಪ್ರೆಸ್ ತಾಣವು ಚಿಲಕವಿಲ್ಲದ ಗೋದಾಮಿನಂತೆ. ದುರುಳರು ಒಳಹೊಕ್ಕು ತಮ್ಮ ಜಾಹೀರಾತುಗಳನ್ನು ತುಂಬುವುದುಂಟು. ತಿಂಗಳಿಗೊಮ್ಮೆ ಒಂದು ಗಂಟೆ ಕುಳಿತು ನೋಡಿಕೊಳ್ಳುವವರು ಇಲ್ಲದ ಸಂಸ್ಥೆಗೆ ಮೊದಲನೆಯ ದಾರಿಯೇ ಕ್ಷೇಮ.

ಯಾವುದನ್ನು ಆರಿಸಿದರೂ ತಾಣದ ಸುರಕ್ಷತಾ ಪ್ರಮಾಣಪತ್ರಕ್ಕೆ ಪ್ರತ್ಯೇಕವಾಗಿ ಹಣ ತೆರಬೇಕಾಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ವ್ಯವಸ್ಥೆ 2015ರ ಕೊನೆಯಿಂದ ಅದನ್ನು ಸಾರ್ವಜನಿಕರಿಗೆ ಉಚಿತವಾಗಿ ನೀಡುತ್ತಿದೆ. ಹೆಚ್ಚಿನ ಹೋಸ್ಟಿಂಗ್ ಸಂಸ್ಥೆಗಳು ಅದನ್ನು ತಾವಾಗಿಯೇ ಅಳವಡಿಸಿಕೊಡುತ್ತವೆ. ಹೆಸರನ್ನು ಸ್ಥಳಕ್ಕೆ ಜೋಡಿಸಿದ ಬಳಿಕ ತಾಣ ಎಲ್ಲೆಡೆ ಕಾಣಿಸಲು ಕೆಲವು ನಿಮಿಷಗಳಿಂದ ಒಂದೆರಡು ದಿನಗಳವರೆಗೆ ಹಿಡಿಯಬಹುದು, ಗಾಬರಿ ಬೇಡ.

ವೆಚ್ಚದ ಅಂದಾಜು ಹೀಗಿದೆ. ಹೆಸರಿಗೆ ವರ್ಷಕ್ಕೆ ಸುಮಾರು 600ರಿಂದ 1,500 ರೂಪಾಯಿ. ಸ್ಥಳ ಬೇಕಾದರೆ ವರ್ಷಕ್ಕೆ ಸುಮಾರು 2,000ದಿಂದ 4,000 ರೂಪಾಯಿ. ಇದರ ಮೇಲೆ ಶೇಕಡಾ 18 ಜಿಎಸ್‌ಟಿ. ಜಿಎಸ್‌ಟಿ ನೋಂದಣಿಯಿಲ್ಲದ ಸಂಸ್ಥೆಗೆ ಇದು ಮರಳಿ ದೊರೆಯದ ಖರ್ಚು. ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ, ನವೀಕರಣದ ದರವೆಷ್ಟು ಎಂದು ಕೇಳಿಯೇ ಮುಂದುವರಿಯಬೇಕು. ಎಲ್ಲವೂ ಸೇರಿ ವರ್ಷಕ್ಕೆ ಸುಮಾರು ಏಳುನೂರು ರೂಪಾಯಿಯಿಂದ ಆರೂವರೆ ಸಾವಿರದೊಳಗೆ ಮುಗಿಯುವ ಬಾಬತ್ತು ಇದು.

ತಾಣದಲ್ಲಿ ಏನಿರಬೇಕು?

ಐದು ಪುಟಗಳು ಸಾಕು. ಒಂದು, ಪರಿಚಯ: ಸಂಸ್ಥೆ ಆರಂಭವಾದ ವರ್ಷ, ನೋಂದಣಿ ಸಂಖ್ಯೆ, ಉದ್ದೇಶ, ಈಗಿನ ಪದಾಧಿಕಾರಿಗಳು. ಎರಡು, ಕಾರ್ಯಗಳು: ಕಳೆದ ವರ್ಷ ಮಾಡಿದ್ದೇನು, ಈ ವರ್ಷ ಮಾಡಲಿರುವುದೇನು. ಮೂರು, ವಾರ್ಷಿಕ ವರದಿ ಹಾಗೂ ಲೆಕ್ಕಪರಿಶೋಧಿತ ಆಯವ್ಯಯ. ನಾಲ್ಕು, ದೇಣಿಗೆ ನೀಡುವ ಬಗೆ. ಐದು, ಸಂಪರ್ಕ: ಅಂಚೆ ವಿಳಾಸ, ಪಿನ್ ಕೋಡ್, ದೂರವಾಣಿ, ತಲಪುವ ದಾರಿ.

ಮೂರನೆಯ ಪುಟವನ್ನು ಹಾಕಲು ಹಲವರು ಹಿಂಜರಿಯುತ್ತಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಸಂಘಗಳು ಹೇಗೂ ಪ್ರತಿವರ್ಷ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅದೇ ಪ್ರತಿಯನ್ನು ತಾಣದಲ್ಲಿಯೂ ಇಡುವುದರಿಂದ ಹೊಸ ಶ್ರಮವಿಲ್ಲ. ಮಾಲು ಕಳುಹಿಸುವ ಮೊದಲು ನಾವು ಎದುರಿನ ವರ್ತಕರ ಸ್ಥಿತಿಗತಿ ವಿಚಾರಿಸುವುದಿಲ್ಲವೇ? ದಾನಿಯೂ ಹಾಗೆಯೇ ವಿಚಾರಿಸುತ್ತಾನೆ. ಮೂರು ವರ್ಷಗಳ ಲೆಕ್ಕಪತ್ರ ಕಂಡಾಗ ಅವನಲ್ಲಿ ಮೂಡುವ ನಂಬಿಕೆ ಬಣ್ಣದ ಚಿತ್ರಗಳಿಂದ ಮೂಡುವುದಿಲ್ಲ.

ಬರಹ ಕನ್ನಡದಲ್ಲಿಯೇ ಇರಲಿ. ಪರವೂರುಗಳಲ್ಲಿ ಬೆಳೆದ ಎರಡನೆಯ ತಲೆಮಾರಿಗಾಗಿ ಇಂಗ್ಲಿಷಿನಲ್ಲಿ ಒಂದು ಪುಟ ಸೇರಿಸಬಹುದು. 1996ರಲ್ಲಿ ಡಾ. ಯು.ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು ಅಂತರ್ಜಾಲಕ್ಕೆ ತಂದ ಕಾಲದಲ್ಲಿ ತೆರೆಯ ಮೇಲೆ ಕನ್ನಡವನ್ನು ಮೂಡಿಸುವುದೇ ಒಂದು ಸಾಹಸವಾಗಿತ್ತು. ಇಂದು ಯೂನಿಕೋಡ್ ಬಳಕೆಯಿಂದ ಯಾವ ಫೋನಿನಲ್ಲಿಯೂ ಕನ್ನಡ ಓದಬಹುದು. ಕನ್ನಡದ ಅಧಿಕೃತ ಕೀಲಿಮಣೆ ವಿನ್ಯಾಸಕ್ಕೆ ತಳಹದಿಯಾದದ್ದು ನಮ್ಮ ಜಿಲ್ಲೆಯ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಅವರ ವಿನ್ಯಾಸ ಎಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಮುದ್ರಣಾಲಯದಿಂದ ಬಂದ ನುಡಿ ಅಥವಾ ಬರಹದ ಹಳೆಯ ಫಾಂಟಿನ ಕಡತಗಳನ್ನು ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಕಾಣಿಸುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಆಮಂತ್ರಣ ಪತ್ರಿಕೆಯ ಚಿತ್ರವನ್ನಷ್ಟೇ ಹಾಕುವುದೂ ಸಾಲದು. ಚಿತ್ರದೊಳಗಿನ ಅಕ್ಷರಗಳು ಹುಡುಕುವವರಿಗೆ ಸುಲಭವಾಗಿ ಸಿಗುವುದಿಲ್ಲ. ದಿನಾಂಕ, ಸ್ಥಳ, ಸಮಯಗಳನ್ನು ಬರಹದಲ್ಲಿಯೂ ಕೊಡಬೇಕು. ಫೋಟೋಗಳ ಗಾತ್ರವನ್ನು ಕುಗ್ಗಿಸಿಯೇ ಹಾಕಬೇಕು. ಘಟ್ಟದ ಬುಡದ ಹಳ್ಳಿಗಳಲ್ಲಿ ಸಿಗ್ನಲ್ ದುರ್ಬಲವಾಗಿರುವಲ್ಲಿ ಭಾರವಾದ ಪುಟ ತೆರೆಯುವ ಮೊದಲೇ ಓದುಗರ ತಾಳ್ಮೆ ಮುಗಿಯುತ್ತದೆ.

ದೇಣಿಗೆಯ ಪುಟ: ಎಚ್ಚರಿಕೆಯ ಮಾತುಗಳು

ಸಣ್ಣ ಸಂಸ್ಥೆಗೆ ಆನ್‌ಲೈನ್ ಪಾವತಿಯ ದ್ವಾರ, ಅಂದರೆ ಪೇಮೆಂಟ್ ಗೇಟ್‌ವೇ, ಆರಂಭದಲ್ಲಿಯೇ ಬೇಕಾಗಿಲ್ಲ. ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಯ ವಿವರ ಮತ್ತು ಅದೇ ಖಾತೆಯ ಯುಪಿಐ ಕ್ಯೂಆರ್ ಸಂಕೇತ ಸಾಕು. "ಪಾವತಿಸುವಾಗ ಇಂತಹ ಹೆಸರು ಕಾಣಿಸಬೇಕು, ಬೇರೆ ಹೆಸರು ಕಂಡರೆ ಪಾವತಿಸಬೇಡಿ" ಎಂದು ಪಕ್ಕದಲ್ಲಿ ಬರೆದಿರಬೇಕು. ಪದಾಧಿಕಾರಿಯ ಸ್ವಂತ ಖಾತೆಯ ಸಂಕೇತವನ್ನು ಎಷ್ಟೇ ಅವಸರವಿದ್ದರೂ ಹಾಕಕೂಡದು.

ತೆರಿಗೆ ವಿನಾಯಿತಿಯ ಬಗ್ಗೆ ಬರೆಯುವಾಗ, 80ಜಿ ಎಂದು ರೂಢಿಯಲ್ಲಿ ಹೇಳುವ ಅನುಮೋದನೆ ಚಾಲ್ತಿಯಲ್ಲಿದ್ದರೆ ಮಾತ್ರ ಅದನ್ನು ಉಲ್ಲೇಖಿಸಬೇಕು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿಯಿಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ದಾನಿಗೂ ಇಲ್ಲ ಎಂಬುದನ್ನು ತಿಳಿಸುವುದು ಪ್ರಾಮಾಣಿಕತೆ.

ವಿದೇಶದಿಂದ ಬರುವ ಹಣದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಭಾರತೀಯ ಪೌರತ್ವವಿರುವ ಅನಿವಾಸಿಯು ತನ್ನ ಸ್ವಂತ ಉಳಿತಾಯದಿಂದ ಸಾಮಾನ್ಯ ಬ್ಯಾಂಕ್ ಮಾರ್ಗದಲ್ಲಿ ನೀಡುವ ದೇಣಿಗೆ ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರ ದೇಣಿಗೆ, ಅವರು ನಮ್ಮ ಊರಲ್ಲಿಯೇ ಹುಟ್ಟಿ ಬೆಳೆದವರಾದರೂ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನೋಂದಣಿ ಅಥವಾ ಪೂರ್ವಾನುಮತಿಯಿಲ್ಲದೆ ಅದನ್ನು ಸ್ವೀಕರಿಸುವುದು ಅಪರಾಧ. 2020ರ ತಿದ್ದುಪಡಿಯ ಬಳಿಕ ಇಂತಹ ಹಣ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ನಿಯುಕ್ತ ಖಾತೆಗೇ ಬರಬೇಕು. ಜಾಲತಾಣ ಪ್ರಪಂಚದ ಯಾವ ಮೂಲೆಯಲ್ಲಿಯೂ ತೆರೆದುಕೊಳ್ಳುವುದರಿಂದ, "ಭಾರತೀಯ ಪೌರರಿಂದ ಮಾತ್ರ ದೇಣಿಗೆ ಸ್ವೀಕರಿಸಲಾಗುವುದು" ಎಂಬ ಒಂದು ಸಾಲು ಸಂಸ್ಥೆಯನ್ನು ದೊಡ್ಡ ತೊಡಕಿನಿಂದ ಪಾರುಮಾಡಬಲ್ಲದು. ಸಂದೇಹವಿದ್ದಲ್ಲಿ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಅವಶ್ಯ.

ದಾನಿಗಳ ಪ್ಯಾನ್ ಸಂಖ್ಯೆ, ಫೋನ್ ಸಂಖ್ಯೆ, ನೆರವು ಪಡೆದ ರೋಗಿಗಳ ವಿವರ, ವಿದ್ಯಾರ್ಥಿವೇತನ ಪಡೆದ ಮಕ್ಕಳ ಭಾವಚಿತ್ರ ಇವುಗಳನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶದ ಸಂರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಕಾಯ್ದೆ ರೂಪಿಸಿದೆ. ಕಾಯ್ದೆಯ ಮಾತು ಹಾಗಿರಲಿ, ನೆರವು ಪಡೆದವರ ಮಾನ ಕಾಯುವುದು ಸೇವೆಯ ಮೊದಲ ಧರ್ಮ.

ಬೀಗದ ಕೈ ಯಾರ ಬಳಿ?

ಬ್ಯಾಂಕ್ ಖಾತೆಗೆ ಜಂಟಿ ಸಹಿ ಇರುವಂತೆ ಜಾಲತಾಣದ ಖಾತೆಗಳ ಪ್ರವೇಶವೂ ಇಬ್ಬರು ಪದಾಧಿಕಾರಿಗಳ ಬಳಿ ಇರಬೇಕು. ಗುಪ್ತಪದಗಳನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಮೊಹರು ಹಾಕಿ ಸಂಸ್ಥೆಯ ತಿಜೋರಿಯಲ್ಲಿಡಬೇಕು. ಪದಾಧಿಕಾರಿಗಳು ಬದಲಾದಾಗ ರಶೀದಿ ಪುಸ್ತಕ, ಮೊಹರು, ನಡಾವಳಿ ಪುಸ್ತಕಗಳೊಂದಿಗೆ ಈ ಲಕೋಟೆಯೂ ಹಸ್ತಾಂತರವಾಗಬೇಕು. ಅಂದೇ ಗುಪ್ತಪದ ಮತ್ತು ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಬೇಕು.

ಕಾರ್ಯಕಾರಿ ಸಮಿತಿಯು ಅಂಗೀಕರಿಸಬಹುದಾದ ನಿರ್ಣಯದ ಮಾದರಿ ಇಲ್ಲಿದೆ: "ಸಂಘದ ಜಾಲತಾಣದ ಹೆಸರು, ಸ್ಥಳ ಹಾಗೂ ಅದರಲ್ಲಿರುವ ಸಮಸ್ತ ಬರಹ, ಚಿತ್ರಗಳು ಸಂಘದ ಆಸ್ತಿಯಾಗಿರತಕ್ಕದ್ದು. ಇವುಗಳ ನೋಂದಣಿ ಸಂಘದ ಹೆಸರಿನಲ್ಲಿಯೇ ಇರತಕ್ಕದ್ದು. ಕಾರ್ಯದರ್ಶಿ ಮತ್ತು ಕೋಶಾಧಿಕಾರಿಯವರು ಇವುಗಳ ಜಂಟಿ ಪಾಲಕರಾಗಿರತಕ್ಕದ್ದು. ನವೀಕರಣದ ವೆಚ್ಚವನ್ನು ಪ್ರತಿವರ್ಷದ ಆಯವ್ಯಯದಲ್ಲಿ ಕಾದಿರಿಸತಕ್ಕದ್ದು." ಇಷ್ಟು ಬರೆದಿಟ್ಟಿದ್ದರೆ ಆರಂಭದಲ್ಲಿ ಹೇಳಿದ ಸಂಘಕ್ಕೆ ತನ್ನ ಹೆಸರು ಕಳೆದುಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ.

ಕೊನೆಯದಾಗಿ, ತಾಣದ ಎಲ್ಲ ಬರಹ, ಚಿತ್ರಗಳ ಪ್ರತಿಯನ್ನು ಆರು ತಿಂಗಳಿಗೊಮ್ಮೆ ತೆಗೆದು ಬೇರೆಡೆ ಇಡಬೇಕು. ಈ ಮಾತನ್ನು ಮೂಡುಬಿದಿರೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಜೈನ ಸಿದ್ಧಾಂತದ ಧವಲಾದಿ ಗ್ರಂಥಗಳ ಪ್ರಾಚೀನ ತಾಡಓಲೆಗಳು ಶತಮಾನಗಳ ಕಾಲ ಉಳಿದದ್ದು ಇಲ್ಲಿನ ಬಸದಿಯಲ್ಲಿ. ಪ್ರತಿ ತೆಗೆಯುವ ಕಾರ್ಯ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ, 1939ರಿಂದ ಧವಲಾ ಮುದ್ರಣವಾಗತೊಡಗಿದ ಮೇಲೆಯೇ ಅವು ಲೋಕದ ವಿದ್ವಾಂಸರ ಕೈಸೇರಿದವು. ನಿಷ್ಠೆಯಿಂದ ಕಾಪಾಡಿದವರಿಗೂ ಪ್ರತಿ ಮಾಡಿಸಿದವರಿಗೂ ನಾವು ಸಮಾನವಾಗಿ ಋಣಿಗಳು.

ವ್ಯಾಪಾರದಲ್ಲಿ ನಾವು ಸ್ವತ್ತಿನ ದಾಖಲೆ, ನವೀಕರಣದ ದಿನಾಂಕ, ಲೆಕ್ಕದ ಶುದ್ಧಿ ಇವುಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಅದೇ ಶಿಸ್ತನ್ನು ನಾವು ಗೌರವ ಹುದ್ದೆ ಹೊತ್ತಿರುವ ಸಂಸ್ಥೆಗಳ ಜಾಲತಾಣಕ್ಕೂ ಅನ್ವಯಿಸಿದರೆ ಸಾಕು. ಈಗಾಗಲೇ ತಾಣವಿರುವ ಸಂಸ್ಥೆಯ ಪದಾಧಿಕಾರಿಗಳು ಈ ವಾರವೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಮ್ಮ ಹೆಸರು ಯಾರ ಹೆಸರಿನಲ್ಲಿದೆ, ಅದರ ಅವಧಿ ಎಂದು ಮುಗಿಯುತ್ತದೆ? ಉತ್ತರ ಗೊತ್ತಿಲ್ಲವಾದರೆ, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯ ಅದೇ ಆಗಿರಲಿ.